ವಕೀಲರಲ್ಲದೆಯೂ ಕಾನೂನು ಬಲ್ಲವರು

ನ್ಯಾಯಾಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನ್ಯಾಯಾಧೀಶರಿಂದ ಆರಂಭಿಸಿ ವಕೀಲರಲ್ಲಿಗೆ ಮುಗಿಸುತ್ತಾರೆ. ಅವರಿಬ್ಬರಿಗೂ ಮೊದಲು ಕಕ್ಷಿಗಾರನ ಮಾತನ್ನು ಕೇಳಿ ಕಾಗದಕ್ಕಿಳಿಸಿದವನ ಹೆಸರು ಅಲ್ಲಿ ಸಿಗುವುದು ಅಪರೂಪ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ಮಕ್ಕಳ ಸಲುವಾಗಿ ಕೇಳುವುದುಂಟು: “ಸರ್, ವಕೀಲರಾಗದೆ ಕಾನೂನಿನ ಕ್ಷೇತ್ರದಲ್ಲಿ ದುಡಿಯುವ ದಾರಿ ಇದೆಯೇ?” ಇದೆ. ನಮ್ಮ ಉಡುಪಿ ಸೀಮೆಯಲ್ಲಿ ಆ ದಾರಿ ಬಹಳ ಹಳೆಯದು.

1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಮೊದಲ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಇಲ್ಲಿನ ಭೂಹಿಡುವಳಿಯನ್ನು ಅರಿಯಲು ಶಾನುಭೋಗರ ಹಳೆಯ ಕಡತಗಳನ್ನೇ ಆಶ್ರಯಿಸಬೇಕಾಯಿತು. ವರ್ಗದಾರ, ಮೂಲಗೇಣಿ, ಚಾಲಗೇಣಿ ಎಂಬ ಪದಗಳ ಅರ್ಥ ಬಲ್ಲವರು ಅವರೇ ತಾನೆ? 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದರೂ ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತದಲ್ಲೇ ಉಳಿಯಿತು. ರೈತನ ಮನೆಮಾತು ತುಳು, ದಸ್ತಾವೇಜಿನ ಭಾಷೆ ಕನ್ನಡ, ಮೇಲಿನ ನ್ಯಾಯಾಲಯದ ಭಾಷೆ ಇಂಗ್ಲಿಷ್. ಈ ಮೂರರ ನಡುವೆ ಸೇತುವೆಯಾಗಿ ನಿಂತವರು ವಕೀಲರ ಗುಮಾಸ್ತರು, ಅರ್ಜಿ ಬರೆಯುವವರು ಮತ್ತು ದಸ್ತಾವೇಜು ಬರಹಗಾರರು.

1908ರ ನೋಂದಣಿ ಕಾಯಿದೆ 1909ರಿಂದ ಜಾರಿಗೆ ಬಂದಿತು. ಕ್ರಯಪತ್ರ, ಅಡವುಪತ್ರ, ಪಾಲುಪಟ್ಟಿಗಳ ಒಕ್ಕಣೆಯಲ್ಲಿ ಒಂದು ಸರ್ವೆ ನಂಬರು ತಪ್ಪಿದರೂ ಎರಡು ತಲೆಮಾರು ಕೋರ್ಟು ಅಲೆಯಬೇಕಾದೀತು. ನಮ್ಮಲ್ಲಿ ಅಳಿಯಸಂತಾನದ ಕಟ್ಟೂ ಇತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟ ಬಳಿಕ, ಪಾಲುಪಟ್ಟಿ ಬರೆಯುವವರು ತಾಯಿಯ ಕಡೆಯಿಂದ ವಂಶವೃಕ್ಷವನ್ನು ಬಿಡಿಸಿ ಓದಬಲ್ಲವರಾಗಿರಬೇಕಿತ್ತು. ಮುಂದೆ 1979ರ ನಿಯಮಗಳ ಮೂಲಕ ಕರ್ನಾಟಕ ಸರ್ಕಾರವು ದಸ್ತಾವೇಜು ಬರಹಗಾರರಿಗೆ ಪರವಾನಗಿಯ ವ್ಯವಸ್ಥೆ ಮಾಡಿತು.

ಇವರ ಬೆಲೆ ನನಗೆ ಅರ್ಥವಾದದ್ದು ಭೂಸುಧಾರಣೆಯ ದಿನಗಳಲ್ಲಿ. 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರನು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ತನ್ನ ಗೇಣಿಯನ್ನು ರುಜುವಾತುಪಡಿಸಬೇಕಿತ್ತು. ನಮ್ಮ ಜನ ಇದನ್ನು ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಮಂಡಳಿಯ ಮುಂದೆ ವಕೀಲರು ಹಾಜರಾಗಬಾರದೆಂದು ಕಾಯಿದೆಯೇ ವಿಧಿಸಿತ್ತು. ಧನಿಗಳು ವಕೀಲರನ್ನು ಕರೆತಂದರೆ ಬಡ ಒಕ್ಕಲು ಸೋತಾನೆಂಬ ಆಲೋಚನೆ ಇದರ ಹಿಂದಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧವನ್ನು ತೆಗೆದುಹಾಕಿತು. ಆದರೆ ಅದಕ್ಕೂ ಮೊದಲೇ, 1979ರ ಜೂನ್ 30ಕ್ಕೆ, ಅರ್ಜಿ ಕೊಡುವ ಕೊನೆಯ ಗಡುವು ಮುಗಿದುಹೋಗಿತ್ತು.

ನಾನಾಗ ಕಾಪು ಕಡೆಯ ಹೈಸ್ಕೂಲು ವಿದ್ಯಾರ್ಥಿ. ಅಕ್ಷರ ಬಲ್ಲವನೆಂಬ ಒಂದೇ ಕಾರಣಕ್ಕೆ ನೆರೆಮನೆಯವರು ಗೇಣಿಯ ರಶೀದಿಗಳನ್ನು ಗಂಟು ಕಟ್ಟಿಕೊಂಡು ನಮ್ಮ ಚಾವಡಿಗೆ ಬರುತ್ತಿದ್ದರು. ರಶೀದಿಯೇ ಇಲ್ಲದವರು ಅದಕ್ಕಿಂತ ಹೆಚ್ಚು. ಊರಿನ ನಿವೃತ್ತ ಗುಮಾಸ್ತರೊಬ್ಬರು ಪಕ್ಕದಲ್ಲಿ ಕುಳಿತು, ಯಾವ ಗದ್ದೆ, ಎಷ್ಟು ಮುಡಿ ಗೇಣಿ, ಸಾಕ್ಷಿ ಯಾರು ಎಂದು ಒಂದೊಂದಾಗಿ ಕೇಳಿ ನನ್ನಿಂದ ಬರೆಸುತ್ತಿದ್ದರು. ಬರೆದದ್ದನ್ನು ತುಳುವಿನಲ್ಲಿ ಓದಿ ಹೇಳಿದ ನಂತರವೇ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಇಂದು ಎಷ್ಟೋ ಮನೆಗಳ ಕೆಳಗಿರುವ ನೆಲ ಹಾಗೆ ಬರೆದ ಅರ್ಜಿಗಳಿಂದ ಬಂದದ್ದು.

ಅಂದು ಊರಿನ ಬಲ್ಲವರು ತಾವಾಗಿ ಮಾಡಿದ್ದಕ್ಕೆ ಈಗ ಕಾನೂನಿನ ಚೌಕಟ್ಟಿದೆ. 1976ರ ತಿದ್ದುಪಡಿಯು ಉಚಿತ ಕಾನೂನು ನೆರವಿನ ಆಶಯವನ್ನು ಸಂವಿಧಾನದ 39ಎ ವಿಧಿಯಾಗಿ ಸೇರಿಸಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಂದು ಜಾರಿಯಾಯಿತು. 2009ರಲ್ಲಿ ರಾಷ್ಟ್ರೀಯ ಪ್ರಾಧಿಕಾರವು ಅರೆ ಕಾನೂನು ಸ್ವಯಂಸೇವಕರ ಯೋಜನೆಯನ್ನು ರೂಪಿಸಿತು. ವಿದ್ಯಾರ್ಥಿಗಳು, ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು ಸಹ ತರಬೇತಿ ಪಡೆದು ಇದರಲ್ಲಿ ಸೇರಬಹುದು. ಇದು ಸಂಬಳದ ಉದ್ಯೋಗವಲ್ಲ, ಗೌರವಧನದ ಸೇವೆ. ಮಕ್ಕಳಿಗೆ ಈ ವ್ಯತ್ಯಾಸವನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಸೇವೆಯಲ್ಲಿದ್ದಾಗ ನಾನು ಹತ್ತನೆಯ ತರಗತಿಯ ಮಕ್ಕಳನ್ನು ಕಚೇರಿಗಳಿಗೆ ಕರೆದೊಯ್ಯುತ್ತಿದ್ದೆ. ನೀವೂ ನಿಮ್ಮ ಮಕ್ಕಳೊಡನೆ ಒಂದು ದಿನ ಹೊರಡಿ. ಉಡುಪಿಯ ನ್ಯಾಯಾಲಯದಲ್ಲಿ ವಾದವನ್ನಷ್ಟೇ ಕೇಳದೆ, ಕಡತ ಹಿಡಿದು ಓಡಾಡುವ ಗುಮಾಸ್ತರನ್ನು ಗಮನಿಸಿ. ಮುಂದಿನ ತಾರೀಕು, ನಕಲು ಅರ್ಜಿ, ಸಮನ್ಸಿನ ಶುಲ್ಕ ಎಲ್ಲವೂ ಅವರ ನೆನಪಿನಲ್ಲಿರುತ್ತವೆ. ಕಾರ್ಕಳದ ಉಪನೋಂದಣಿ ಕಚೇರಿಯಲ್ಲಿ ಒಂದು ಕ್ರಯಪತ್ರ ಹೇಗೆ ನೋಂದಣಿಯಾಗುತ್ತದೆಂದು ನೋಡಿ. 2018ರಲ್ಲಿ ಹೊಸ ತಾಲೂಕಾದ ಕಾಪುವಿನ ಕಚೇರಿಯಲ್ಲಿ ಆರ್‌ಟಿಸಿಗಾಗಿ ಬಂದವರ ಸಾಲನ್ನು ನೋಡಿ. ಮಣಿಪಾಲದ ರಜತಾದ್ರಿಯಲ್ಲಿ ಅರ್ಜಿಯೊಂದು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆಂದು ಕೇಳಿ ತಿಳಿಯಿರಿ. ಇಷ್ಟಾದ ಬಳಿಕವೂ ಮಗುವಿಗೆ ವಕೀಲನಾಗುವ ಆಸೆಯಿದ್ದರೆ, 1957ರಲ್ಲಿ ಸ್ಥಾಪನೆಯಾದ ಉಡುಪಿಯ ಕಾನೂನು ಕಾಲೇಜು ಇದ್ದೇ ಇದೆ. ಇಂದು ಅದು ವೈಕುಂಠ ಬಾಳಿಗರ ಹೆಸರನ್ನು ಹೊತ್ತಿದೆ.

ಕಾವೇರಿ 2.0 ತಂತ್ರಾಂಶವು 2023ರಿಂದ ನೋಂದಣಿಯ ಬಹುಪಾಲು ಕೆಲಸವನ್ನು ಮನೆಯ ಕಂಪ್ಯೂಟರಿಗೆ ತಂದಿದೆ. ಹಾಗಾದರೆ ಬರೆಯುವವರ ಅಗತ್ಯ ಮುಗಿಯಿತೇ? ನನಗೆ ಹಾಗೆನಿಸುವುದಿಲ್ಲ. ಪರದೆಯ ಮೇಲಿನ ಒಕ್ಕಣೆ ತನ್ನ ಮನೆ ಅಡಿಗೆ ಏನು ಮಾಡುತ್ತದೆಂದು ತಿಳಿಯದ ಅಜ್ಜಿ ಇಂದಿಗೂ ಇದ್ದಾಳೆ. ಹೆಬ್ಬೆಟ್ಟು ಒತ್ತುವ ಮೊದಲು ಅವಳ ಮಾತಿನಲ್ಲಿಯೇ ಓದಿ ಹೇಳಿ, “ಒಪ್ಪಿಗೆಯೇ?” ಎಂದು ಕೇಳುವ ಒಬ್ಬರು ಬೇಕು. ಅಂಥವರಾಗಲು ನಿಮ್ಮ ಮಕ್ಕಳು ಮುಂದೆ ಬಂದರೆ, ಅವರನ್ನು ತಡೆಯಬೇಡಿ.