ಹುಲಿ ಇದ್ದರೆ ಮಾತ್ರ ಟಿಕೆಟ್: ಹಳೆಯದೊಂದು ಹಾಸ್ಯ ಚಿತ್ರ ಮತ್ತು ಮೃಗಾಲಯಗಳ ಲೆಕ್ಕಪುಸ್ತಕ

ಊರಂಚಿನಲ್ಲಿ ಚಿರತೆ ಕಾಣಿಸಿಕೊಂಡರೆ ನಮ್ಮಂಥ ಜಿಲ್ಲಾ ವರದಿಗಾರರಿಗೆ ಡೆಸ್ಕ್‌ನಿಂದ ಹತ್ತು ನಿಮಿಷಕ್ಕೊಂದು ಫೋನ್. ‘ವಿಡಿಯೋ ಸಿಕ್ತಾ? ಸಿಸಿ ಟಿವಿ ಇದೆಯಾ?’ ಅದೇ ಊರಿನ ಪಶು ಆಸ್ಪತ್ರೆಯಲ್ಲಿ ವೈದ್ಯರಿಲ್ಲ, ದನಗಳಿಗೆ ಕಾಲುಬಾಯಿ ಬೇನೆ ಬಂದಿದೆ ಎಂದು ಬರೆದು ಕಳಿಸಿದರೆ ‘ನೋಡೋಣ’ ಅನ್ನುತ್ತಾರೆ. ಆ ಸುದ್ದಿ ಬರುವುದಿಲ್ಲ. ಬಾರದ ಸುದ್ದಿಗೆ ನಮಗೆ ದುಡ್ಡೂ ಇಲ್ಲ.

ಇದಾದಾಗಲೆಲ್ಲ ನಮಗೆ ಒಂದು ಸಿನಿಮಾ ನೆನಪಾಗುತ್ತದೆ. ಡಿಪ್ಲೊಮಾ ಓದುವಾಗ ಹಾಸ್ಟೆಲ್‌ನಲ್ಲಿ ಒಂದೇ ಲ್ಯಾಪ್‌ಟಾಪ್ ಸುತ್ತ ಆರು ಜನ ಕೂತು ನೋಡಿದ್ದೆವು. 1997ರಲ್ಲಿ ಬಿಡುಗಡೆಯಾದ ‘ಫಿಯರ್ಸ್ ಕ್ರೀಚರ್ಸ್’. ಅಂದರೆ ಉಗ್ರ ಪ್ರಾಣಿಗಳು. ಆವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಮೊನ್ನೆ ಮತ್ತೆ ನೋಡಿದಾಗ ನಗು ಬಂತು, ಆದರೆ ನಡುನಡುವೆ ನಿಂತೂ ಹೋಯಿತು.

ಕಥೆ ಸರಳ. ರಾಡ್ ಮೆಕೇನ್ ಎಂಬ ದೊಡ್ಡ ಸಾಹುಕಾರ. ಅವನ ಕಂಪನಿಯ ಹೆಸರು ಆಕ್ಟೋಪಸ್. ಎಂಟು ಕೈಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವ ಕಂಪನಿ, ಟಿವಿ ವಾಹಿನಿಗಳೂ ಅದರದೇ. ಬೇರೆ ಕಂಪನಿಯನ್ನು ಕೊಂಡಾಗ ಇಂಗ್ಲೆಂಡಿನ ಒಂದು ಸಣ್ಣ ಮೃಗಾಲಯವೂ ಅವನ ಪಾಲಾಗುತ್ತದೆ. ಅವನ ನಿಯಮ ಒಂದೇ: ಯಾವ ವ್ಯವಹಾರವಾದರೂ ಶೇ. 20ರಷ್ಟು ಗಳಿಕೆ ತರಬೇಕು. ತಾರದಿದ್ದರೆ ಮುಚ್ಚು.

ಅದನ್ನು ನಡೆಸಲು ಬರುವವನು ರೋಲೋ ಲೀ, ಅಂದರೆ ನಟ ಜಾನ್ ಕ್ಲೀಸ್. ಟಿವಿ ಕೆಲಸ ಮಾಡಿ ಬಂದವನು. ಜನರಿಗೆ ಬೇಕಿರುವುದು ಹಿಂಸೆ ಎಂಬುದು ಅವನ ಪಾಠ. ಹುಲಿ, ಸಿಂಹದಂಥ ಅಪಾಯದ ಪ್ರಾಣಿಗಳು ಇರಲಿ, ಮುದ್ದಾದವೆಲ್ಲ ಹೋಗಲಿ ಎನ್ನುತ್ತಾನೆ. ತಮ್ಮ ಪ್ರಾಣಿಗಳನ್ನು ಉಳಿಸಿಕೊಳ್ಳಲು ಕಾವಲುಗಾರರು, ಮುಂಗುಸಿ ಜಾತಿಯ ಪುಟ್ಟ ಮೀರ್ಕ್ಯಾಟ್ ಕೂಡ ಭಯಂಕರ ಎಂದು ವಾದಿಸುತ್ತಾರೆ. ಪ್ರಾಣಿ ಕಚ್ಚಿತೆಂದು ನಾಟಕವಾಡುತ್ತಾರೆ. ಕೊನೆಗೆ ಅತಿ ಮುದ್ದಾದ ಕೆಲವು ಪ್ರಾಣಿಗಳನ್ನು ಅವನ ಮುಂದೆಯೇ ತಂದಿಟ್ಟು, ‘ನೀವೇ ಕೊಲ್ಲಿ’ ಎನ್ನುತ್ತಾರೆ. ರೋಲೋ ಬಂದೂಕು ಹಾರಿಸಿದ ಸದ್ದು ಕೇಳುತ್ತದೆ. ಆದರೆ ಪ್ರಾಣಿಗಳು ಅವನ ಮಲಗುವ ಕೋಣೆಯಲ್ಲಿ ಬಚ್ಚಿಟ್ಟುಕೊಂಡಿರುತ್ತವೆ!

ಆಮೇಲೆ ಬರುತ್ತಾನೆ ಸಾಹುಕಾರನ ಮಗ. ಸಿಕ್ಕ ಸಿಕ್ಕಲ್ಲಿ ಜಾಹೀರಾತು ಅಂಟಿಸುತ್ತಾನೆ. ಪ್ರಾಣಿಯ ಮೈಯನ್ನೂ ಬಿಡುವುದಿಲ್ಲ. ಯಂತ್ರದ ಪಾಂಡಾ ತಂದು ಕೂರಿಸುತ್ತಾನೆ. ಅಪ್ಪ, ಮಗ ಎರಡೂ ಪಾತ್ರ ಕೆವಿನ್ ಕ್ಲೈನ್‌ದೇ.

ಇದೆಲ್ಲ ಬರೀ ಉತ್ಪ್ರೇಕ್ಷೆ ಅನ್ನಿಸಬಹುದು. ಮೃಗಾಲಯಗಳ ಇತಿಹಾಸ ನೋಡಿದರೆ ಹಾಗನ್ನಿಸುವುದಿಲ್ಲ.

ಲಂಡನ್ ಮೃಗಾಲಯ ಶುರುವಾದದ್ದು 1828ರಲ್ಲಿ. ಅಲ್ಲಿ ಜಂಬೋ ಎಂಬ ಆನೆ ಇತ್ತು. ಎಷ್ಟೋ ಮಕ್ಕಳು ಅದರ ಬೆನ್ನೇರಿ ಸವಾರಿ ಮಾಡಿದ್ದರು. 1882ರಲ್ಲಿ ಅದನ್ನು 2,000 ಪೌಂಡಿಗೆ ಅಮೆರಿಕದ ಸರ್ಕಸ್ ಮಾಲೀಕ ಬಾರ್ನಮ್‌ಗೆ ಮಾರಿದರು. ಮಾರಬೇಡಿ ಎಂದು ಮಕ್ಕಳು ರಾಣಿ ವಿಕ್ಟೋರಿಯಾಗೆ ಕಾಗದ ಬರೆದರು. ಕೇಳಿದವರು ಯಾರು? ಮೂರು ವರ್ಷಕ್ಕೆ, 1885ರಲ್ಲಿ, ಕೆನಡಾದಲ್ಲಿ ರೈಲು ಬಡಿದು ಜಂಬೋ ಸತ್ತಿತು. ಬಾರ್ನಮ್ ಅದರ ಚರ್ಮವನ್ನು ಆನೆಯ ಆಕಾರದಲ್ಲಿ ನಿಲ್ಲಿಸಿ, ಎಲುಬು ಬೇರೆ ಜೋಡಿಸಿ, ಎರಡನ್ನೂ ತೋರಿಸಿ ಮತ್ತೆ ಕಾಸು ಮಾಡಿದ. ಸತ್ತ ಮೇಲೂ ಆನೆ ದುಡಿಯಬೇಕಾಯಿತು.

ನೂರು ವರ್ಷ ದಾಟಿದ ಮೇಲೆ ಅದೇ ಲಂಡನ್ ಮೃಗಾಲಯ ದುಡ್ಡಿಲ್ಲದೆ ಮುಚ್ಚುವ ಹಂತಕ್ಕೆ ಬಂತು. ಅದು 1991–92. ತನ್ನ ಖರ್ಚು ತಾನೇ ದುಡಿಯದ ಸಂಸ್ಥೆ ಯಾಕೆ ಬೇಕು ಎಂದು ಕೇಳುತ್ತಿದ್ದ ಕಾಲ. ಸಾಮಾನ್ಯ ಜನ ದೇಣಿಗೆ ಕೊಟ್ಟರು. ಕುವೈತ್‌ನ ದೊರೆ 10 ಲಕ್ಷ ಪೌಂಡ್ ಕೊಟ್ಟ. ಮೃಗಾಲಯ ಉಳಿಯಿತು. ‘ಫಿಯರ್ಸ್ ಕ್ರೀಚರ್ಸ್’ ಬಂದದ್ದು ಇದರ ಬೆನ್ನಿಗೇ. ಅಲ್ಲಿನ ಪ್ರೇಕ್ಷಕರಿಗೆ ಶೇ. 20ರ ಲೆಕ್ಕ ಹೊಸದಾಗಿರಲಿಲ್ಲ.

ಈ ಚಿತ್ರವನ್ನು ಅರ್ಪಿಸಿರುವುದು ಇಬ್ಬರಿಗೆ. ಒಬ್ಬರು ಹಾಸ್ಯನಟ ಪೀಟರ್ ಕುಕ್. ಇನ್ನೊಬ್ಬರು ಜೆರಾಲ್ಡ್ ಡರೆಲ್. ಇಬ್ಬರೂ ತೀರಿಕೊಂಡದ್ದು 1995ರ ಜನವರಿಯಲ್ಲಿ. ಡರೆಲ್ ಹುಟ್ಟಿದ್ದು ನಮ್ಮ ದೇಶದಲ್ಲೇ, 1925ರಲ್ಲಿ ಜಮ್ಶೆಡ್‌ಪುರದಲ್ಲಿ. 1959ರಲ್ಲಿ ಜೆರ್ಸಿ ದ್ವೀಪದಲ್ಲಿ ಸ್ವಂತ ಮೃಗಾಲಯ ತೆರೆದರು. ಜನ ನೋಡಲು ಮುಗಿಬೀಳುವ ಪ್ರಾಣಿಗಿಂತ ಅಳಿವಿನಂಚಿನಲ್ಲಿರುವ ಪ್ರಾಣಿಗೆ ಮೊದಲ ಜಾಗ ಎಂಬುದು ಅವರ ಹಟ. ಹೆಸರೇ ಕೇಳದ ಹಕ್ಕಿ, ಬಾವಲಿ, ಕಪ್ಪೆಗಳನ್ನೂ ಸಾಕಿ ಸಂತಾನ ಬೆಳೆಸುವ ಕೆಲಸ ಅಲ್ಲಿ ನಡೆಯಿತು. ಅವರ ಗುರುತಿನ ಚಿಹ್ನೆ ಡೋಡೋ, ಭೂಮಿಯಿಂದಲೇ ಅಳಿದುಹೋದ ಹಕ್ಕಿ. ರೋಲೋನ ಲೆಕ್ಕಕ್ಕೆ ಪೂರ್ತಿ ಉಲ್ಟಾ.

ಇನ್ನೊಂದು ತಮಾಷೆ ಕೇಳಿ. ಮಾರುಕಟ್ಟೆಯ ಲೆಕ್ಕವನ್ನು ಗೇಲಿ ಮಾಡಿದ ಈ ಚಿತ್ರವೂ ಅದೇ ಲೆಕ್ಕಕ್ಕೆ ಸಿಕ್ಕಿಬಿತ್ತು. ರಾಬರ್ಟ್ ಯಂಗ್ ನಿರ್ದೇಶಿಸಿದ ಮೊದಲ ರೂಪವನ್ನು ಆಯ್ದ ಪ್ರೇಕ್ಷಕರಿಗೆ ತೋರಿಸಿ ಅಭಿಪ್ರಾಯ ಕೇಳಿದರು. ಅವರಿಗೆ ಅಂತ್ಯ ಹಿಡಿಸಲಿಲ್ಲ. ಮತ್ತೆ ಚಿತ್ರೀಕರಿಸೋಣವೆಂದರೆ, ನಟ ಮೈಕೆಲ್ ಪೇಲಿನ್ ಟಿವಿ ಸರಣಿಗಾಗಿ ದೇಶ ಸುತ್ತಲು ಹೋಗಿದ್ದರು. ಅವರು ಬರುವವರೆಗೆ ಕಾದು, ಫ್ರೆಡ್ ಶೆಪಿಸಿ ಎಂಬ ಇನ್ನೊಬ್ಬ ನಿರ್ದೇಶಕರನ್ನು ಕರೆಸಿ ಹೊಸ ಅಂತ್ಯ ಸೇರಿಸಿದರು. ಇಷ್ಟೆಲ್ಲ ಮಾಡಿಯೂ ಇದೇ ನಟರ 1988ರ ‘ಎ ಫಿಶ್ ಕಾಲ್ಡ್ ವಾಂಡಾ’ ಗಳಿಸಿದ್ದರ ಹತ್ತಿರಕ್ಕೂ ಬರಲಿಲ್ಲ. ಪ್ರೇಕ್ಷಕರನ್ನು ಕೇಳಿಯೇ ತಿದ್ದಿದ ಚಿತ್ರಕ್ಕೆ ಪ್ರೇಕ್ಷಕರು ಬರಲಿಲ್ಲ.

ಚಿತ್ರ ದೊಡ್ಡ ಕಲಾಕೃತಿ ಎಂದು ನಾವು ಹೇಳುವುದಿಲ್ಲ. ದ್ವಂದ್ವಾರ್ಥದ ಮಾತು ಅತಿಯಾಗಿದೆ. ಕೊನೆಯ ಭಾಗದಲ್ಲಿ ಕಥೆ ಅವಸರಕ್ಕೆ ಬಿದ್ದಿದೆ. ಸಾಹುಕಾರ ಅಚಾನಕ್ಕಾಗಿ ಗುಂಡು ತಗುಲಿ ಸಾಯುತ್ತಾನೆ. ಕಾವಲುಗಾರರು ಮಗನಿಗೇ ಅಪ್ಪನ ವೇಷ ಹಾಕಿಸಿ ಮೃಗಾಲಯ ಉಳಿಸಿಕೊಳ್ಳುತ್ತಾರೆ. ನಿಜ ಜೀವನದಲ್ಲಿ ಅಷ್ಟು ಸಲೀಸಾಗಿ ಏನೂ ಬಗೆಹರಿಯದು.

ಆದರೂ ಒಂದು ವಿಷಯವನ್ನು ಅದು ಸರಿಯಾಗಿ ಹಿಡಿದಿದೆ. ಯಾವ ಪ್ರಾಣಿ ಮೇವು ಬಿಟ್ಟಿದೆ, ಯಾವುದು ಗರ್ಭ ಕಟ್ಟಿದೆ ಎಂಬುದು ದಿನಾ ಹತ್ತಿರ ನಿಲ್ಲುವವನಿಗೆ ಗೊತ್ತು. ದನ ಕಟ್ಟಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ತಿಳಿವಳಿಕೆಗೆ ಲೆಕ್ಕಪುಸ್ತಕದಲ್ಲಿ ಅಂಕಣವೇ ಇರುವುದಿಲ್ಲ. ಅಂಕಣ ಇಲ್ಲದ್ದನ್ನು ದೂರದ ಮಾಲೀಕ ‘ಇಲ್ಲ’ ಅಂದುಕೊಳ್ಳುತ್ತಾನೆ.

ನಮ್ಮ ಸುದ್ದಿಯ ಕೆಲಸದಲ್ಲೂ ಅದೇ ಪುಸ್ತಕ ಬಂದು ಕೂತಿದೆ. ಎಷ್ಟು ಜನ ಒತ್ತಿದರು ಎಂಬುದೊಂದೇ ಅಂಕಣ. ಡೆಸ್ಕ್‌ನವರನ್ನಷ್ಟೇ ಬೈದರೆ ಅದು ಅರ್ಧ ಸತ್ಯ. ಚಿರತೆ ವಿಡಿಯೋವನ್ನು ಮೂರು ಗುಂಪಿಗೆ ಕಳಿಸಿದವರಲ್ಲಿ ನಾವೂ ಇದ್ದೇವೆ, ಬಹುಶಃ ನೀವೂ ಇದ್ದೀರಿ. ಜನರಿಗೆ ಬೇಕಿರುವುದು ಉಗ್ರ ಪ್ರಾಣಿ ಮಾತ್ರ ಎಂದ ರೋಲೋನ ಮಾತನ್ನು ಸುಳ್ಳು ಮಾಡುವ ಕೆಲಸ ನಮ್ಮಿಬ್ಬರದೂ.

ಆ ಪಶು ಆಸ್ಪತ್ರೆಯ ವರದಿ ನಮ್ಮ ಹತ್ತಿರವೇ ಉಳಿದಿದೆ. ಮುಂದಿನ ವಾರ ಇಲ್ಲೇ ಹಾಕುತ್ತೇವೆ. ಅದರಲ್ಲಿ ಚಿರತೆ ಇರುವುದಿಲ್ಲ. ಓದಿ.