ಜಾಗ ಬಿಟ್ಟು ಬಂದ ಮನೆಗಳು

ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ ನಾವು ತೋರಿಸುವ ಸ್ಥಳಗಳ ಪಟ್ಟಿ ನಮ್ಮ ಕೂಟದ ಸದಸ್ಯರಿಗೆಲ್ಲ ಬಾಯಿಪಾಠವಾಗಿರುತ್ತದೆ. ನಯಾಗರಾ, ಷಿಕಾಗೋದ ಎತ್ತರದ ಕಟ್ಟಡ, ದೇವಸ್ಥಾನ, ರಜೆ ಸಿಕ್ಕರೆ ಮ್ಯಾಕಿನಾ ಸೇತುವೆ. ಇದೆಲ್ಲ ಮೂರು ವಾರಕ್ಕೆ ಮುಗಿಯುತ್ತದೆ. ಉಳಿದ ನಾಲ್ಕೈದು ತಿಂಗಳು ಪಾಪ, ಅವರು ಕಿಟಕಿಯ ಪಕ್ಕ ಕುಳಿತು ಜನರಿಲ್ಲದ ರಸ್ತೆಯನ್ನು ನೋಡುತ್ತಾರೆ. ಅಂಥವರನ್ನು ಕರೆದುಕೊಂಡು ಹೋಗಲು ಡೆಟ್ರಾಯಿಟ್ ಸುತ್ತಮುತ್ತ ಹಳೆಯ ಮನೆಗಳ ಮ್ಯೂಸಿಯಂಗಳಿವೆ. ನನ್ನ ಅನುಭವದಲ್ಲಿ ನಮ್ಮ ಹಿರಿಯರು ನಯಾಗರಾಕ್ಕಿಂತ ಹೆಚ್ಚು ಹೊತ್ತು ನಿಂತು ನೋಡುವುದು ಇವುಗಳನ್ನೇ.

ನಾರ್ತ್‌ವಿಲ್‌ನಲ್ಲಿರುವ ನಮಗೆ ಹತ್ತಿರದ್ದು ಗ್ರಿಸ್‌ವೋಲ್ಡ್ ರಸ್ತೆಯ ಮಿಲ್ ರೇಸ್ ಹಿಸ್ಟಾರಿಕಲ್ ವಿಲೇಜ್. ಮಿಲ್ ರೇಸ್ ಎಂದರೆ ಹಿಟ್ಟಿನ ಗಿರಣಿಗೆ ನೀರು ಹಾಯಿಸುವ ಕಾಲುವೆ. ರೂಜ್ ನದಿಯ ಈ ದಂಡೆಯಲ್ಲಿ ಹಿಂದೆ ಗಿರಣಿಯಿತ್ತು. ಆಮೇಲೆ ಜಾಗ ಫೋರ್ಡ್ ಕಂಪನಿಯ ಕೈ ಸೇರಿತು. 1972ರಲ್ಲಿ ಕಂಪನಿ ಅದನ್ನು ದಾನವಾಗಿ ಕೊಟ್ಟಿತು, ಊರಿನ ಹಿಸ್ಟಾರಿಕಲ್ ಸೊಸೈಟಿಯವರು ಅಲ್ಲಿ ಹಳೆಯ ಕಟ್ಟಡಗಳನ್ನು ತಂದು ನಿಲ್ಲಿಸತೊಡಗಿದರು. ಕಟ್ಟಡಗಳನ್ನು ತಂದು ನಿಲ್ಲಿಸುವುದು ಎಂದರೇನು ಎಂದು ನಮ್ಮ ಅತ್ತೆಯವರಿಗೆ ಬಗೆಹರಿಯಲಿಲ್ಲ. ಒಂದೇ ಕೋಣೆಯ ವಾಶ್-ಓಕ್ ಶಾಲೆಯ ಮುಂದೆ ನಿಂತು ಮಗಳನ್ನು ಕೇಳಿದರು: "ಅಲ್ವೇ, ಈ ಶಾಲೆ ಮೊದಲಿಂದ ಇಲ್ಲೇ ಇತ್ತೇನೇ?" ಇರಲಿಲ್ಲ. 1873ರ ಈ ಶಾಲೆ ಇದ್ದದ್ದು ವಾಶ್ಟೆನಾ ಮತ್ತು ಓಕ್‌ಲೆಂಡ್ ಕೌಂಟಿಗಳ ಗಡಿಯಲ್ಲಿ. ಹೆಸರು ಎರಡರಿಂದಲೂ ಒಂದೊಂದು ತುಂಡು ತೆಗೆದುಕೊಂಡು ಹುಟ್ಟಿದ್ದು. ಸುಮಾರು 1835ರ ಕೇಡಿ ಇನ್ ಬೇರೆ ಕಡೆಯಿಂದ ಬಂದಿದೆ. 1845ರ ಚರ್ಚೂ ಅಷ್ಟೆ. "ಹಾಗಾದರೆ ಇವೆಲ್ಲ ನಿಮ್ಮ ಹಾಗೇ ಅನ್ನು" ಎಂದರು ಅತ್ತೆ. ನನ್ನ ಹೆಂಡತಿ ನಕ್ಕಳು. ನಾನು ಮಾತ್ರ ಆ ಮಾತನ್ನು ಅಲ್ಲಿಗೇ ಬಿಡಲಾಗದೆ ಮನೆಗಳನ್ನು ಸಾಗಿಸುವ ಚರಿತ್ರೆಯನ್ನು ಓದಲು ಶುರುಮಾಡಿದೆ.

ಮೊದಲು ಇದು ಹೇಗೆ ಸಾಧ್ಯ ಎಂಬುದನ್ನು ಹೇಳಿಬಿಡುತ್ತೇನೆ. ಇಲ್ಲಿನ ಹಳೆಯ ಮನೆ ಎಂದರೆ ಮರದ ಚೌಕಟ್ಟಿಗೆ ಹೊಡೆದ ಹಲಗೆ. ಅಡಿಪಾಯದಿಂದ ಬಿಡಿಸಿ, ಜಾಕ್ ಕೊಟ್ಟು ಎತ್ತಿ, ಕೆಳಗೆ ಉಕ್ಕಿನ ತೊಲೆ ತೂರಿಸಿ, ಚಕ್ರದ ಮೇಲೆ ಕೂರಿಸಿದರೆ ಇಡೀ ಮನೆ ರಸ್ತೆಯಲ್ಲಿ ಹೊರಡುತ್ತದೆ. ದಾರಿಯಲ್ಲಿನ ಕರೆಂಟ್ ತಂತಿಗಳನ್ನು ತಪ್ಪಿಸಬೇಕು, ಒಲೆಯ ಚಿಮಣಿಯನ್ನು ಇಳಿಸಬೇಕು. ನಮ್ಮ ಮಲೆನಾಡಿನ, ಕರಾವಳಿಯ ಮನೆಗೆ ಈ ಭಾಗ್ಯವಿಲ್ಲ. ಮಣ್ಣಿನ ಗೋಡೆ, ಮುರಕಲ್ಲಿನ ಗೋಡೆ ಜಾಗ ಬಿಟ್ಟು ಕದಲುವುದಿಲ್ಲ. ಕದಲಿಸಬಹುದಾದದ್ದು ಕಂಬ, ತೊಲೆ, ಬಾಗಿಲು, ಮುಚ್ಚಿಗೆ ಮಾತ್ರ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮಣಿಪಾಲದ ಮಾತು ಬರುವಾಗ ಬೇಕಾಗುತ್ತದೆ.

ಮನೆ ಸಾಗಿಸುವುದನ್ನು ಒಂದು ದೊಡ್ಡ ಹುಚ್ಚಾಗಿ ಬೆಳೆಸಿದವನು ನಮ್ಮ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್. ಚರಿತ್ರೆ ಎನ್ನುವುದು ಹೆಚ್ಚುಕಡಿಮೆ ಬೊಗಳೆ ಎಂದು 1916ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಹೇಳಿದವನೂ ಅವನೇ. ಅದೇ ಪತ್ರಿಕೆ ಅವನನ್ನು ಅರಾಜಕತಾವಾದಿ ಎಂದು ಬರೆದಾಗ ಮಾನನಷ್ಟದ ದಾವೆ ಹೂಡಿದ. 1919ರಲ್ಲಿ ಮೌಂಟ್ ಕ್ಲೆಮೆನ್ಸ್‌ನಲ್ಲಿ ವಿಚಾರಣೆ ನಡೆಯಿತು. ಪತ್ರಿಕೆಯ ವಕೀಲರು ಶಾಲೆಯ ಹುಡುಗನಿಗೆ ಕೇಳುವಂತೆ ಚರಿತ್ರೆಯ ಪ್ರಶ್ನೆ ಕೇಳಿದರು. ಅಮೆರಿಕದ ಕ್ರಾಂತಿ ಯಾವಾಗ ಎಂದರೆ 1812 ಎಂದುಬಿಟ್ಟ! ದಾವೆ ಗೆದ್ದ, ಪರಿಹಾರ ಸಿಕ್ಕಿದ್ದು 6 ಸೆಂಟ್.

ಅದೇ 1919ರಲ್ಲಿ ಅವನು ಹುಟ್ಟಿದ ಮನೆಗೆ ಸಂಚಕಾರ ಬಂತು. ರಸ್ತೆ ಹಾದುಹೋಗಲು ಜಾಗ ಬೇಕಾಗಿತ್ತು. ರಸ್ತೆಗಳು ಏಕೆ ಬೆಳೆಯುತ್ತಿದ್ದವು ಎಂಬುದನ್ನು ಹೇಳಬೇಕಾಗಿಲ್ಲ, ಮಾಡೆಲ್ ಟಿ ಮಾಡಿದವನು ಅವನೇ. ಮನೆಯನ್ನು ಸುಮಾರು 200 ಅಡಿ ಆಚೆಗೆ ಸರಿಸಿ, 1876ರಲ್ಲಿ ಹೇಗಿತ್ತೋ ಹಾಗೆ ಮಾಡಿಸಲು ಕುಳಿತ. 1876 ಏಕೆಂದರೆ ಅವನ ತಾಯಿ ಮೇರಿ ಹೆರಿಗೆಯ ನಂತರ ತೀರಿಕೊಂಡದ್ದು ಆ ವರ್ಷ. ಆಕೆಗೆ ಮೂವತ್ತೇಳು, ಇವನಿಗೆ ಹನ್ನೆರಡು. ತಾಯಿ ಬಳಸುತ್ತಿದ್ದ ಮಾದರಿಯ ಒಲೆಯನ್ನೇ ಹುಡುಕಿಸಿದ. ಮನೆಯ ಸುತ್ತ ನೆಲ ಅಗೆಸಿ ತಟ್ಟೆಯ ಚೂರುಗಳನ್ನು ತೆಗೆಸಿ, ಅದೇ ವಿನ್ಯಾಸದ ತಟ್ಟೆಗಳನ್ನು ಮಾಡಿಸಿದ. ಅಷ್ಟು ದುಡ್ಡಿದ್ದವನು ನೆಲ ಅಗೆಸಿ ಹುಡುಕಿಸಿದ್ದು ಅಮ್ಮನ ತಟ್ಟೆಯ ಚೂರು! ಯೂನಿಯನ್ ಕಟ್ಟಲು ಹೊರಟ ಕಾರ್ಮಿಕರಿಗೆ ಅವನು ಮಾಡಿದ್ದನ್ನು, ಯೆಹೂದಿಗಳ ಬಗ್ಗೆ ಅವನ ಪತ್ರಿಕೆ ಬರೆದದ್ದನ್ನು ಓದಿದ ಮೇಲೆ ನನಗೆ ಅವನ ಮೇಲೆ ಗೌರವ ಹೆಚ್ಚೇನಿಲ್ಲ. ಆದರೂ ಆ ಅಡಿಗೆಮನೆಯಲ್ಲಿ ನಿಂತಾಗ ತಾಯಿ ಇಲ್ಲದ ಹುಡುಗನೊಬ್ಬ ಕಾಣುತ್ತಾನೆ.

ಆಮೇಲೆ ಗ್ರೀನ್‌ಫೀಲ್ಡ್ ವಿಲೇಜ್ ಬಂತು. 21 ಅಕ್ಟೋಬರ್ 1929ರಂದು, ಎಡಿಸನ್ನನ ದೀಪಕ್ಕೆ ಐವತ್ತು ವರ್ಷ ತುಂಬಿದಾಗ, ಅಧ್ಯಕ್ಷ ಹೂವರ್ ಸಮ್ಮುಖದಲ್ಲಿ ಉದ್ಘಾಟನೆ. ಎಡಿಸನ್ನನ ಮೆನ್ಲೋ ಪಾರ್ಕ್ ಪ್ರಯೋಗಶಾಲೆಯನ್ನು ಅಲ್ಲಿನ ಮಣ್ಣಿನ ಸಮೇತ ತಂದು ನಿಲ್ಲಿಸಿದ್ದರು. ಎಲ್ಲ ಸರಿಯಿದೆ, ನಮ್ಮ ನೆಲ ಮಾತ್ರ ಇಷ್ಟು ಚೊಕ್ಕಟವಾಗಿರಲಿಲ್ಲ ಎಂದನಂತೆ ಎಡಿಸನ್. ಮ್ಯೂಸಿಯಂ ಮನೆಗಳ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಕೇಳಿಲ್ಲ. 1937ರಲ್ಲಿ ಒಹಾಯೊದ ಡೇಟನ್‌ನಿಂದ ರೈಟ್ ಸಹೋದರರ ಮನೆ, ಸೈಕಲ್ ಅಂಗಡಿ ಎರಡೂ ಇಲ್ಲಿಗೆ ಬಂದವು. ಡೇಟನ್‌ನಲ್ಲಿ ಮನೆಯಿದ್ದ ಸೈಟಿಗೆ ಹೋದರೆ ಈಗ ಕಾಣುವುದು ಮುಂದಿನ ಜಗುಲಿಯ ಒಂದು ಪ್ರತಿಕೃತಿ ಅಷ್ಟೆ. ಒಂದೂರಿನ ಲಾಭ ಇನ್ನೊಂದೂರಿನ ಖಾಲಿ ಸೈಟು.

ಅಲ್ಲಿಗೆ ಹೋದರೆ ಎಲ್ಲವನ್ನೂ ನೋಡಲು ಹೋಗಬೇಡಿ, ಹಿರಿಯರಿಗೆ ಕಾಲುನೋವು ಬರುತ್ತದೆ. ಎರಡು ಮನೆ ಸಾಕು. ಒಂದು ಫೈರ್‌ಸ್ಟೋನ್ ಫಾರ್ಮ್. ಟಯರ್ ಕಂಪನಿಯ ಹಾರ್ವಿ ಫೈರ್‌ಸ್ಟೋನ್ ಹುಟ್ಟಿದ ಈ ಮನೆಯನ್ನು 1980ರ ದಶಕದಲ್ಲಿ ಒಹಾಯೊದಿಂದ ತಂದದ್ದು. ಇಲ್ಲಿ ಹಳೆಯ ಕಾಲದ ಉಡುಪಿನಲ್ಲಿ ಹೆಂಗಸರು ನಿಜವಾಗಿ ಅಡಿಗೆ ಮಾಡುತ್ತಾರೆ. ಹೊಲದಲ್ಲಿ ಕೆಲಸ, ಕೊಟ್ಟಿಗೆಯಲ್ಲಿ ದನ. ನಮ್ಮ ಅತ್ತೆ ಒಲೆಯ ಮುಂದೆ ಹದಿನೈದು ನಿಮಿಷ ನಿಂತರು. ಇಂಗ್ಲಿಷ್ ಬಾರದಿದ್ದರೂ ಅಡಿಗೆಯವಳೊಂದಿಗೆ ಕೈಸನ್ನೆಯಲ್ಲೇ ಮಾತಾಯಿತು. ಹೊರಗೆ ಬಂದು ಹೇಳಿದ್ದು ಒಂದೇ ಮಾತು: "ಹೊಗೆ ಹೋಗೋಕೆ ಕೊಳವೆ ಇಟ್ಟಿದ್ದಾರೆ. ನಾವು ಸುಮ್ಮನೆ ಕಣ್ಣು ಉರಿಸಿಕೊಂಡ್ವಲ್ಲೇ." ಸಿಗರೇಟು ಮುಟ್ಟದ ನಮ್ಮೂರ ಹೆಂಗಸರ ಎದೆಯಲ್ಲಿ ಸ್ಟೆತೊಸ್ಕೋಪಿಟ್ಟು ಉಬ್ಬಸದ ಸಿಳ್ಳು ಕೇಳಿದ ವೈದ್ಯರಿಗೆ ಈ ಮಾತಿನ ತೂಕ ಗೊತ್ತು.

ಇನ್ನೊಂದು ಡಾಕ್ಟರ್ ಹೊವಾರ್ಡ್ ಕಚೇರಿ. ನಮ್ಮ ಕೂಟದ ವೈದ್ಯರೆಲ್ಲ ಇದನ್ನು ನೋಡಲೇಬೇಕು. ಮಿಷಿಗನ್ನಿನ ಟೆಕೊನ್ಶಾ ಎಂಬ ಹಳ್ಳಿಯಲ್ಲಿ ಅಲೊನ್ಸನ್ ಹೊವಾರ್ಡ್ ಎಂಬ ವೈದ್ಯ 1883ರಲ್ಲಿ ಸಾಯುವವರೆಗೆ ಇಲ್ಲಿ ರೋಗಿಗಳನ್ನು ನೋಡಿದ. ಅದಕ್ಕೂ ಮೊದಲು ಇದು ಶಾಲೆಯಾಗಿತ್ತು. ಅವನು ಸತ್ತ ಮೇಲೆ ಮನೆಯವರು ಬೀಗ ಹಾಕಿದರು, ಒಳಗಿನದು ಒಳಗೇ ಉಳಿಯಿತು. ಸೀಸೆಗಳು, ಪೀಪಾಯಿಗಳು, ಅವನೇ ಬರೆದಿಟ್ಟ ಔಷಧಿಯ ಸೂತ್ರಗಳು. ಬೇರು ನಾರು, ಹೋಮಿಯೋಪತಿ, ಅಂದಿನ ಅಲೋಪತಿ, ಯಾವುದು ನಾಟಿದರೆ ಅದು. ಮಲೇರಿಯಾಕ್ಕೆ ಕ್ವಿನೈನ್, ನೋವಿಗೆ ಅಫೀಮು ಬಿಟ್ಟರೆ ಆ ಕಾಲದ ವೈದ್ಯರ ಕೈಯಲ್ಲಿ ನಿಜವಾಗಿ ಕೆಲಸ ಮಾಡುವ ಮದ್ದು ಬಹಳ ಇರಲಿಲ್ಲ. ಆದರೂ ಜನ ಬಾಗಿಲು ತಟ್ಟುತ್ತಿದ್ದರು. ರೆಸಿಡೆನ್ಸಿಯ ಕಾಲದಲ್ಲಿ ನನಗೆ ಇದನ್ನು ಯಾರಾದರೂ ತೋರಿಸಿದ್ದರೆ ಎಂದುಕೊಂಡೆ.

ಗ್ರೀನ್‌ಫೀಲ್ಡ್ ವಿಲೇಜಿನಲ್ಲಿ ಜಾರ್ಜಿಯಾದ ಗುಲಾಮರ ಇಟ್ಟಿಗೆ ಮನೆಗಳೂ ಇವೆ, ಗೋಡೆಗೆ ಹಳೆಯ ಪತ್ರಿಕೆ ಅಂಟಿಸಿದ ಮ್ಯಾಟಕ್ಸ್ ಎಂಬ ಕಪ್ಪು ಕುಟುಂಬದ ಮನೆಯೂ ಇದೆ. ಆದರೆ ನನ್ನ ಲೆಕ್ಕದಲ್ಲಿ ನಮಗೆ ಹೆಚ್ಚು ಸಂಬಂಧಪಟ್ಟದ್ದು ತೀರ ಇತ್ತೀಚೆಗೆ ಬಂದ ಮನೆ. ಅಲಬಾಮಾದ ಸೆಲ್ಮಾ ಊರಿನಲ್ಲಿ ಸಲಿವನ್ ಜ್ಯಾಕ್ಸನ್ ಎಂಬ ದಂತವೈದ್ಯರೂ ಅವರ ಪತ್ನಿ ರಿಚಿ ಜೀನ್ ಅವರೂ ಇದ್ದ ಸಾಧಾರಣ ಮನೆ ಅದು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸೆಲ್ಮಾದ ಹೋರಾಟದ ಕಾಲದಲ್ಲಿ ಇಳಿದುಕೊಳ್ಳುತ್ತಿದ್ದದ್ದು ಇಲ್ಲಿ. 15 ಮಾರ್ಚ್ 1965ರ ರಾತ್ರಿ ಅಧ್ಯಕ್ಷ ಜಾನ್ಸನ್ ಮತದಾನದ ಹಕ್ಕಿನ ಬಗ್ಗೆ ಕಾಂಗ್ರೆಸ್ಸಿನಲ್ಲಿ ಮಾಡಿದ ಭಾಷಣವನ್ನು ಕಿಂಗ್ ಟೀವಿಯಲ್ಲಿ ನೋಡಿದ್ದು ಈ ಮನೆಯ ಹಾಲಿನಲ್ಲಿ. ಆ ಆಗಸ್ಟಿನಲ್ಲಿ ಮತದಾನದ ಕಾನೂನು ಬಂತು. ಅಕ್ಟೋಬರ್ 3ರಂದು ಅದೇ ಜಾನ್ಸನ್ ವಲಸೆ ಕಾನೂನಿಗೆ ಸಹಿ ಹಾಕಿದರು. ಎರಡರ ಬೇರೂ ಒಂದೇ ಹೋರಾಟದಲ್ಲಿದೆ. ನಮ್ಮ ಕೂಟದ ಹಿರಿಯ ವೈದ್ಯರು, ಇಂಜಿನಿಯರುಗಳು ವೀಸಾ ಪಡೆದು ವಿಮಾನ ಹತ್ತಿದ್ದು ಆ ಎರಡನೆಯ ಕಾನೂನಿನ ಬಲದಿಂದ. ನಮ್ಮಲ್ಲಿ ಎಷ್ಟು ಜನ ಇದನ್ನು ಮಕ್ಕಳಿಗೆ ಹೇಳಿದ್ದೇವೆ?

ಜ್ಯಾಕ್ಸನ್ ದಂಪತಿಗಳ ಮಗಳು ತಾನೇ ಮುಂದಾಗಿ ಡಿಯರ್‌ಬಾರ್ನಿನ ಮ್ಯೂಸಿಯಂನವರನ್ನು ಕೇಳಿದರು. 2023ರಲ್ಲಿ ಅವರು ಮನೆಯನ್ನು ಪಡೆದರು. ಕುರ್ಚಿ, ಮೇಜು, ಪಾತ್ರೆಗಳ ಸಮೇತ ಮನೆ ಮಿಷಿಗನ್ನಿಗೆ ಬಂತು. ಸೆಲ್ಮಾದಂಥ ಬಡ ಊರಿನಿಂದ ಅದರ ಚರಿತ್ರೆಯನ್ನೂ ಕಿತ್ತುಕೊಂಡು ಬರುವುದು ಸರಿಯೇ ಎಂದು ಕೇಳಬಹುದು. ನನ್ನ ಅಭಿಪ್ರಾಯ ಹೇಳಬೇಕೆಂದರೆ, ಮನೆಯ ಮಗಳಿಗೆ ತನ್ನ ಕಾಲಾನಂತರ ಅದನ್ನು ನೋಡಿಕೊಳ್ಳುವವರು ಬೇಕಾಗಿತ್ತು. ಜಾಗದಲ್ಲೇ ಶಿಥಿಲವಾಗುವ ಮನೆಗಿಂತ ಜಾಗ ಬಿಟ್ಟು ಬದುಕುವ ಮನೆ ಮೇಲು. ಆದರೆ ಸೆಲ್ಮಾದ ಮಕ್ಕಳಿಗೆ ಆದ ನಷ್ಟ ನಷ್ಟವೇ.

ಕರ್ನಾಟಕದಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದವರು ಮಣಿಪಾಲದ ವಿಜಯನಾಥ ಶೆಣೈ. ಫೋರ್ಡನ ದುಡ್ಡು ಅವರಲ್ಲಿರಲಿಲ್ಲ, ಬ್ಯಾಂಕಿನ ಕೆಲಸದಲ್ಲಿದ್ದವರು. 1974ರ ಭೂಸುಧಾರಣೆಯ ನಂತರ ದಕ್ಷಿಣ ಕನ್ನಡದ ದೊಡ್ಡ ಕೂಡುಕುಟುಂಬಗಳು ಪಾಲಾದವು, ಆಳುಕಾಳಿಲ್ಲದೆ ಗುತ್ತಿನ ಮನೆಗಳು, ಚೌಕಿಮನೆಗಳು ಭಾರವಾದವು, ಮರದ ಬೆಲೆಗೆ ಬಿಕರಿಯಾಗತೊಡಗಿದವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯ. ಅದರ ಜೊತೆಗೆ ನೂರಾರು ವರ್ಷದ ಕೆತ್ತನೆಯ ಕಂಬಗಳು ಸೌದೆಯ ಡಿಪೋ ಸೇರಿದ್ದನ್ನೂ ಹೇಳಬೇಕು. ಶೆಣೈಯವರು ಹಾಗೆ ಸಿಕ್ಕ ಕಂಬ ಬಾಗಿಲುಗಳಿಂದ ಮೊದಲು ತಮಗೇ ಒಂದು ಮನೆ ಕಟ್ಟಿಕೊಂಡರು, ಹೆಸರು ಹಸ್ತಶಿಲ್ಪ. ನೋಡಲು ಬರುವವರ ಕಾಟ ಎಷ್ಟಾಯಿತೆಂದರೆ ಕೊನೆಗೆ ಅದನ್ನೇ ಮ್ಯೂಸಿಯಂ ಮಾಡಿ ತಾವು ಹೊರಟುಹೋದರು! ಆಮೇಲೆ ಇಡೀ ಮನೆಗಳಿಗೇ ಕೈಹಾಕಿದರು. ಗೋಡೆ ಕದಲದಿದ್ದರೇನು, ಪ್ರತಿಯೊಂದು ತೊಲೆಗೂ ಗುರುತು ಹಾಕಿ, ನಕ್ಷೆ ಬರೆಸಿ, ಬಿಚ್ಚಿ ತಂದು ಮತ್ತೆ ಜೋಡಿಸುವುದು. ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ, ಮುಧೋಳದ ಅರಮನೆಯ ದರ್ಬಾರು, ಕುಕನೂರಿನ ಕಮಲ ಮಹಲು, ಎಲ್ಲ ಈಗ ಒಂದೇ ಆವರಣದಲ್ಲಿ. ಮುಧೋಳದ ಬಿಸಿಲಿಗೆ ಕಟ್ಟಿದ ದರ್ಬಾರು ಈಗ ಕರಾವಳಿಯ ಮಳೆಗೆ ಒಗ್ಗಿಕೊಂಡಿದೆ. ಮಿನ್ನೆಸೋಟಾಕ್ಕೆ ಬಂದ ರಾಯಚೂರಿನವರ ಹಾಗೆ. ಶೆಣೈಯವರು 2017ರ ಮಾರ್ಚಿನಲ್ಲಿ ತೀರಿಕೊಂಡರು. ಈ ಸಲ ಊರಿಗೆ ಹೋದಾಗ ಉಡುಪಿಯ ಮಠದ ದರ್ಶನ ಮುಗಿಸಿದ ಮೇಲೆ ಅರ್ಧ ದಿನ ಇಟ್ಟುಕೊಂಡು ಹೋಗಿ ಬನ್ನಿ. ಅಲ್ಲಿನವರೇ ಜೊತೆಗೆ ಬಂದು ವಿವರಿಸುತ್ತಾರೆ, ಅವಸರ ಮಾಡಬೇಡಿ.

ಇದ್ದ ಜಾಗದಲ್ಲೇ ಉಳಿದ ಅದೃಷ್ಟವಂತ ಮನೆಗಳೂ ನಮ್ಮಲ್ಲಿವೆ. ಕುಪ್ಪಳಿಯ ಕುವೆಂಪು ಅವರ ಮನೆಯ ವಿಷಯ ನಿಮಗೆಲ್ಲ ಗೊತ್ತು. ಕಿಟಕಿಯಿಂದ ನೋಡಿದರೆ ಅದೇ ಕಾಡು, ಅದೇ ಗದ್ದೆ, ಮೇಲೆ ಕವಿಶೈಲ. ಯಾವ ಫೋರ್ಡನೂ ಅದನ್ನು ಲಾರಿಯಲ್ಲಿ ತರಲಾರ. ಆದರೆ ಕಾಡಿನ ನಡುವಿನ ಮನೆಗೆ ಕಾವಲು ಕಷ್ಟ, 2015ರ ನವೆಂಬರಿನಲ್ಲಿ ಅಲ್ಲಿಂದ ಪದ್ಮ ಪದಕಗಳು ಕಳವಾದವು. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದ್ದರು. ಜನ ಕೂಗೆಬ್ಬಿಸಿ ನಿಲ್ಲಿಸಿದರು. ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡಿಗರ ತೆರಿಗೆ ಹಣವೇಕೆ ಎಂದು ನಮ್ಮ ಕೆಲವು ಸಾಹಿತಿಗಳು ಆಕ್ಷೇಪಿಸಿದರು. 2016ರಲ್ಲಿ ಅದು ಮ್ಯೂಸಿಯಂ ಆಗಿ ತೆರೆಯಿತು. ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಆದರೆ ಕನ್ನಡದಲ್ಲಿ ಬರೆದವರ ಎಷ್ಟು ಮನೆಗಳಿಗೆ ಇಷ್ಟು ಕೂಗೆದ್ದಿತು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಮತ್ತೆ ನಾರ್ತ್‌ವಿಲ್ಲಿಗೆ ಬರುತ್ತೇನೆ. ಮಿಲ್ ರೇಸಿನ ವಿಶೇಷವೆಂದರೆ ಅಲ್ಲಿರುವ ಯಾವ ಮನೆಯಲ್ಲೂ ಜಗತ್ತಿಗೆ ಗೊತ್ತಿರುವವರು ಇರಲಿಲ್ಲ. ಶಾಲೆ, ಚರ್ಚು, ಕುಲುಮೆ, ಊರವರ ವಾಸದ ಮನೆಗಳು. ತೋರಿಸುವವರೂ ಊರವರೇ, ಹೆಚ್ಚಾಗಿ ನಿವೃತ್ತರು. ಸಂಬಳವಿಲ್ಲ. ಕಾಟೇಜ್ ಹೌಸಿನಲ್ಲಿ ಮಗ್ಗ ಹಾಕಿ ನೇಯುವವರ ಗುಂಪಿದೆ, ಚರ್ಚಿನಲ್ಲಿ ಈಗಲೂ ಮದುವೆಗಳಾಗುತ್ತವೆ. ಕೇಡಿ ರಸ್ತೆಯ ಆರ್ಟ್ ಹೌಸಿನಲ್ಲೂ ಹೀಗೇ, ತಿಂಗಳ ಮೊದಲ ಶುಕ್ರವಾರ ಸಂಜೆ ಹೋದರೆ ಚಿತ್ರ ಬರೆದವರೇ ಎದುರಿಗೆ ನಿಂತಿರುತ್ತಾರೆ, ಮಾತನಾಡಿಸಬಹುದು. ದೊಡ್ಡ ಮನುಷ್ಯರಿಲ್ಲದ ಊರೂ ತನ್ನದನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷಿ ಇರುವಾಗ ನಮ್ಮದೇ ಒಂದು ವಿಷಯ ಕೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ಬಂದ ನಮ್ಮ ಹಿರಿಯರು ಈಗ ಮನೆ ಮಾರುತ್ತಿದ್ದಾರೆ. ಕೆಲವರು ಫ್ಲಾರಿಡಾಕ್ಕೆ, ಕೆಲವರು ಮಕ್ಕಳ ಊರಿಗೆ. ಕಳೆದ ವರ್ಷ ಅಂಥ ಹಿರಿಯ ವೈದ್ಯರೊಬ್ಬರ ಮನೆ ಖಾಲಿ ಮಾಡುವಾಗ ಸಹಾಯಕ್ಕೆ ಹೋಗಿದ್ದೆ. ಸೋಫಾಕ್ಕೆ, ಡೈನಿಂಗ್ ಟೇಬಲ್ಲಿಗೆ ಗಿರಾಕಿ ಸಿಕ್ಕರು. ಬೇಸ್‌ಮೆಂಟಿನ ರಟ್ಟಿನ ಪೆಟ್ಟಿಗೆಗಳನ್ನು ಮಕ್ಕಳು ಒಂದು ಸಲ ತೆರೆದು ನೋಡಿ, ಓದಲು ಬಾರದೆ ಮುಚ್ಚಿದರು. ಕಸದ ಗಾಡಿ ಬರುವುದು ಮಂಗಳವಾರ ಎಂದರು. ಅವುಗಳಲ್ಲಿ ಮೂರನ್ನು ಕೇಳಿ ತಂದೆ. ಒಳಗೆ ಊರಿನಿಂದ ಬಂದ ನೀಲಿ ಏರೋಗ್ರಾಮ್‌ಗಳು, ಯುಗಾದಿಯ ನಾಟಕದ ಕೈಬರಹದ ಪ್ರತಿ, ಯಾರ ಮನೆಯಿಂದ ಎಷ್ಟು ಚಿತ್ರಾನ್ನ ಎಂದು ಬರೆದ ಪಟ್ಟಿ, ಹಿಮದಲ್ಲಿ ರೇಷ್ಮೆ ಸೀರೆಯುಟ್ಟು ನಿಂತವರ ಫೋಟೋಗಳು, ಮತ್ತು ಇದೇ ರೀತಿಯ ಸುದ್ದಿಪತ್ರಗಳು, ಕೈಯಲ್ಲಿ ಬರೆದು ಪ್ರತಿ ತೆಗೆದವು. ಫೋಟೋಗಳ ಹಿಂದೆ ಹೆಸರಿಲ್ಲ. ಅವರನ್ನು ಗುರುತಿಸಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೆಲವರಿಗೆ ನಾನೇ ರಕ್ತದೊತ್ತಡದ ಮಾತ್ರೆ ಬರೆದುಕೊಡುತ್ತೇನೆ.

ಪೆಟ್ಟಿಗೆಗಳು ನಮ್ಮ ಬೇಸ್‌ಮೆಂಟಿನಲ್ಲಿ, ಫರ್ನೇಸಿನಿಂದ ದೂರ, ನೆಲದಿಂದ ಮೇಲೆ ಇವೆ. ಮುಂದಿನ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ, ಕನ್ನಡಕ ಮರೆಯಬೇಡಿ. ಪೆನ್ಸಿಲ್ ನಾನು ಇಟ್ಟಿರುತ್ತೇನೆ. ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಮುಂದಿನ ಕಡೆ ಅಚ್ಚು ಮೂಡುತ್ತದೆ.