ಹಳೆ ಮನೆಯ ಗೀಸರ್ ಪದೇ ಪದೇ ಕೆಡುವುದು ‘ಗಡಸು ನೀರಿ’ನಿಂದಲೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳೆ ಮನೆ ಕೊಂಡವರಿಗೆ ಮನೆಯ ನಿಜವಾದ ಸ್ಥಿತಿ ಗೊತ್ತಾಗುವುದು ಮೊದಲ ಮಳೆಗಾಲದಲ್ಲಿ. ಬಚ್ಚಲುಮನೆಯ ಗೋಡೆ ಒದ್ದೆಯಾಗುತ್ತದೆ, ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಕೆಂಪು ನೀರು ಬರುತ್ತದೆ, ಹಿಂದಿನವರು ‘ಮೊನ್ನೆಯಷ್ಟೇ ಹಾಕಿಸಿದ್ದು’ ಎಂದು ಬಿಟ್ಟುಹೋದ ಗೀಸರ್ ಸೋರತೊಡಗುತ್ತದೆ. ಕಾರಣ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, “ಇಲ್ಲಿಯ ನೀರು ಗಡಸು, ಸಾಫ್ಟ್‌ನರ್ ಹಾಕಿಸಿ” ಎಂದು. ವಿಜಯಪುರ, ಗದಗ, ಕೋಲಾರದ ಕೊಳವೆಬಾವಿ ನೀರಿಗೆ ಈ ಮಾತು ಒಪ್ಪುತ್ತದೆ. ಮಲೆನಾಡಿನ ತೆರೆದ ಬಾವಿ ಮತ್ತು ಅಬ್ಬಿ ನೀರಿಗೆ ಇದು ಬಹುಮಟ್ಟಿಗೆ ತಪ್ಪು.

ನೀರು ಗಡಸಾಗುವುದು ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿದಾಗ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೀಗೆ ಮಳೆ ಹೊಯ್ಯುವ ಕಡೆ ಮಣ್ಣಿನಲ್ಲಿದ್ದ ಕ್ಯಾಲ್ಸಿಯಂ ಸಾವಿರಾರು ವರ್ಷಗಳಿಂದ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚಿರುವ ಜಂಬಿಟ್ಟಿಗೆ ಉಳಿದಿದೆ. ಮಳೆನೀರು ಕಾಡಿನ ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ಬಾವಿಗೆ ಬರುವ ನೀರು ಮೆದು, ಜೊತೆಗೆ ಸ್ವಲ್ಪ ಆಮ್ಲೀಯ. ಗಡಸು ನೀರು ಪೈಪಿನೊಳಗೆ ಸುಣ್ಣದ ಪದರ ಕಟ್ಟಿದರೆ, ಈ ನೀರು ಪೈಪನ್ನೇ ತಿನ್ನುತ್ತದೆ. ಜಿಐ ಪೈಪಿನ ಸತು ಮೊದಲು ಹೋಗುತ್ತದೆ, ಆಮೇಲೆ ಕಬ್ಬಿಣ. ಬೆಳಗಿನ ಕೆಂಪು ನೀರಿನಲ್ಲಿ ಬಹಳಷ್ಟು ಬಾರಿ ಇರುವುದು ರಾತ್ರಿಯಿಡೀ ಪೈಪಿನಲ್ಲಿ ನಿಂತು ಕರಗಿದ ಈ ತುಕ್ಕೇ.

ಮನೆಯಲ್ಲೇ ಗುರುತಿಸಬಹುದು. ಸೋಪು ಸುಲಭವಾಗಿ ನೊರೆ ಬಂದು, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟದಿದ್ದರೆ ನೀರು ಮೆದು. ತಾಮ್ರದ ಹಂಡೆ ಅಥವಾ ಹಿತ್ತಾಳೆ ನಲ್ಲಿಯ ಕೆಳಗೆ ಹಸಿರು-ನೀಲಿ ಕಲೆ ಬೀಳುತ್ತಿದ್ದರೆ ಆಮ್ಲೀಯ ಎಂದು ಅನುಮಾನಿಸಬಹುದು. ಕೊಳವೆಬಾವಿ ನೀರಿನ ಗುಣ ಬೇರೆಯೇ ಇರಬಹುದು, ಆದ್ದರಿಂದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಜಲಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ಪರೀಕ್ಷಾ ಕಿಟ್ ಕೊಡಲಾಗಿದೆ, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಪಿಹೆಚ್ 6.5ರಿಂದ 8.5ರ ಒಳಗಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬೇಕಾಗಿರುವುದು ಸುಣ್ಣಕಲ್ಲಿನ ಚೂರು ತುಂಬಿದ ಫಿಲ್ಟರ್. ಸಾಫ್ಟ್‌ನರ್ ಪಿಹೆಚ್ ಏರಿಸುವುದಿಲ್ಲ. ಮೆದು ನೀರಿಗೆ ಅದನ್ನು ಹಾಕಿಸುವುದು ದಂಡ.

ಗೀಸರಿನ ಟ್ಯಾಂಕಿನೊಳಗೆ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಇಂಥ ನೀರಿನಲ್ಲಿ ವರ್ಷಕ್ಕೊಮ್ಮೆ ಅದನ್ನು ತೆಗೆದು ನೋಡಬೇಕು. ಕಡ್ಡಿ ಪೂರ್ತಿ ಸವೆದ ಮೇಲೆ ನೀರು ಟ್ಯಾಂಕಿಗೇ ಕೈ ಹಾಕುತ್ತದೆ.

ಪೈಪು ಬದಲಾಯಿಸಿದರೆ ಅರ್ಥಿಂಗ್ ಹೋಗಬಹುದು

ಈ ಬರಹದಲ್ಲಿ ಇನ್ನೇನು ಮರೆತರೂ ಇದೊಂದನ್ನು ಮರೆಯಬೇಡಿ. ಹಳೆಯ ಮನೆಗಳಲ್ಲಿ ಬಚ್ಚಲಿನ ಅರ್ಥ್ ತಂತಿಯನ್ನು ಹತ್ತಿರದ ಜಿಐ ನೀರಿನ ಪೈಪಿಗೆ ಸುತ್ತಿರುವುದುಂಟು. ಪೈಪು ನೆಲದಡಿ ಹೋಗುತ್ತಿದ್ದ ಕಾಲಕ್ಕೆ ಅದು ಹೇಗೋ ನಡೆಯುತ್ತಿತ್ತು. ಈಗ ನೀವು ತುಕ್ಕು ಹಿಡಿದ ಪೈಪು ತೆಗೆಸಿ ಸಿಪಿವಿಸಿ ಹಾಕಿಸುತ್ತೀರಿ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯದು. ನಡುವೆ ಒಂದಡಿ ತುಂಡು ಬದಲಾದರೂ ಅರ್ಥಿಂಗ್ ಅಲ್ಲಿಗೇ ಕಡಿಯುತ್ತದೆ. ಪ್ಲಂಬರಿಗೆ ಇದು ತನ್ನ ಕೆಲಸವಲ್ಲ, ಎಲೆಕ್ಟ್ರಿಷಿಯನ್ನನ್ನು ಯಾರೂ ಕರೆದಿರುವುದಿಲ್ಲ. ಗೀಸರ್ ಎಂದಿನಂತೆ ನೀರು ಕಾಯಿಸುತ್ತದೆ, ಹೊರಗೆ ಯಾವ ಸೂಚನೆಯೂ ಕಾಣದು. ಮುಂದೊಂದು ದಿನ ಅದೇ ಆಮ್ಲೀಯ ನೀರು ಕಾಯಿಲ್ ಮೇಲಿನ ಲೋಹದ ಕವಚವನ್ನು ತಿಂದು ತೂತು ಮಾಡಿದಾಗ ಟ್ಯಾಂಕಿಗೂ ನೀರಿಗೂ ಕರೆಂಟ್ ಬರುತ್ತದೆ, ಒದ್ದೆ ಕೈಯಲ್ಲಿ ನಲ್ಲಿ ಹಿಡಿದವರ ಮೈಯೇ ಅರ್ಥ್ ತಂತಿಯಾಗುತ್ತದೆ.

“ಎಂಸಿಬಿ ಇದೆಯಲ್ಲ” ಎನ್ನುವವರಿದ್ದಾರೆ. 16 ಆಂಪಿಯರಿನ ಎಂಸಿಬಿ ಇರುವುದು ತಂತಿ ಸುಡದಂತೆ ಕಾಯಲು. ಮನುಷ್ಯನಿಗೆ 30 ಮಿಲಿಆಂಪಿಯರ್ ದಾಟಿದರೆ ಸಾಕು, ಪ್ರಾಣಕ್ಕೆ ಅಪಾಯ. ಅದು 16 ಆಂಪಿಯರಿನ ಐನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಜೀವ ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಜನರ ಬಾಯಲ್ಲಿ ಇಎಲ್‌ಸಿಬಿ. ಹೊಸ ಗೀಸರಿಗೆ ದುಡ್ಡು ಕೊಡುವ ಮೊದಲು ಇದನ್ನು ಹಾಕಿಸಿ, ಪ್ರತ್ಯೇಕ ಅರ್ಥ್ ಗುಂಡಿ ತೆಗೆಸಿ, ಟೆಸ್ಟರಿನಲ್ಲಿ ಅಳೆಸಿ. ಅಳೆಸಲು ಬೇಸಿಗೆಯೇ ಸರಿಯಾದ ಕಾಲ, ಯಾಕೆಂದರೆ ಜಂಬಿಟ್ಟಿಗೆ ನೆಲ ಆಗ ಒಣಗಿ ವಿದ್ಯುತ್ತಿಗೆ ಹೆಚ್ಚು ಅಡ್ಡಿ ಒಡ್ಡುತ್ತದೆ.

ಗುಡ್ಡದ ನೀರಿನ ಒತ್ತಡ

ಹಿಂದೆ ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೆ ಇಳಿಯುತ್ತಿದ್ದ ಅಬ್ಬಿ ನೀರು ಈಗ ಪೈಪಿನಲ್ಲಿ ಬರುತ್ತದೆ. ದಬ್ಬೆ ಮೇಲೆ ತೆರೆದಿತ್ತು, ಒತ್ತಡ ಏರುವ ಮಾತಿರಲಿಲ್ಲ. ಮುಚ್ಚಿದ ಪೈಪಿನಲ್ಲಿ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಸೇರುತ್ತದೆ. ನೀರಿನ ಮೂಲ ಮನೆಯಿಂದ 60 ಮೀಟರ್ ಮೇಲಿದ್ದರೆ, ನಲ್ಲಿ ಮುಚ್ಚಿದಾಗ 6 ಬಾರ್. ಮಾರುಕಟ್ಟೆಯ ಅನೇಕ ಗೀಸರುಗಳ ಮಿತಿ 6.5 ಅಥವಾ 8 ಬಾರ್. ನಲ್ಲಿಯನ್ನು ತಟ್ಟನೆ ಮುಚ್ಚಿದರೆ ಒತ್ತಡ ಕ್ಷಣಕಾಲ ಇನ್ನೂ ಜಿಗಿಯುತ್ತದೆ. ಪೈಪು ‘ಢಬ್’ ಎನ್ನುವುದು ಅದಕ್ಕೇ. ಅಬ್ಬಿ ಲೈನನ್ನು ನೇರ ಗೀಸರಿಗೆ ಕೊಟ್ಟಿದ್ದರೆ ಮೊದಲು ಅದನ್ನು ಬಿಡಿಸಿ ತೊಟ್ಟಿಗೆ ತಿರುಗಿಸಿ.

ಗೀಸರಿನ ಸುರಕ್ಷತಾ ವಾಲ್ವಿನಿಂದ ನೀರು ಕಾಯುವಾಗ ನಾಲ್ಕು ಹನಿ ಬೀಳುವುದು ಸಹಜ. ಅದನ್ನು ಸೋರಿಕೆ ಎಂದುಕೊಂಡು ಹಿಂದಿನವರು ಸ್ಕ್ರೂ ಬಿಗಿದೋ ಎಂ-ಸೀಲ್ ಮೆತ್ತಿಯೋ ಮುಚ್ಚಿದ್ದರೆ ಇಂದೇ ಸ್ವಿಚ್ ಆರಿಸಿ. ಥರ್ಮೋಸ್ಟಾಟ್ ಕೂಡ ಕೆಟ್ಟರೆ ಒತ್ತಡಕ್ಕೆ ಹೊರಹೋಗುವ ದಾರಿಯೇ ಇಲ್ಲದೆ ಟ್ಯಾಂಕ್ ಸಿಡಿಯಬಹುದು. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಹಾಕಿದ್ದರೆ ಅದೂ ಹೋಗಬೇಕು. ಅದು 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಸಿಪಿವಿಸಿ 90 ಡಿಗ್ರಿಯವರೆಗೂ ತಡೆಯುತ್ತದೆ.

ಇದಕ್ಕೆ ತದ್ವಿರುದ್ಧ ತೊಂದರೆ ವಾಷಿಂಗ್ ಮೆಷಿನ್ನಿನದು. ತಾರಸಿಯ ಟ್ಯಾಂಕ್ ಎರಡೇ ಮೀಟರ್ ಮೇಲಿದ್ದರೆ ಸಿಗುವುದು 0.2 ಬಾರ್. 0.3 ಬಾರಾದರೂ ಕೇಳುವ ಮಾದರಿಗಳು ನೀರು ತುಂಬದೆ ದೋಷ ತೋರಿಸುತ್ತವೆ. ಮೆಷಿನ್ ಕೆಟ್ಟಿತೆಂದು ಹೊಸದು ತಂದರೆ ಅದೂ ನಿಲ್ಲುತ್ತದೆ. ‘ಪ್ರೆಷರ್ ಬರಲಿ’ ಎಂದು ಒಂದು ಇಂಚಿನ ಪೈಪನ್ನು ಅರ್ಧ ಇಂಚಿಗೆ ಇಳಿಸಿದವರೂ ಉಂಟು. ಒತ್ತಡ ಎತ್ತರದಿಂದ ಬರುವುದೇ ಹೊರತು ಸಣ್ಣ ಪೈಪಿನಿಂದಲ್ಲ. ಅಷ್ಟೇ ಎತ್ತರದಿಂದ, ಅಷ್ಟೇ ಉದ್ದದ ಅರ್ಧ ಇಂಚಿನ ಪೈಪಿನಲ್ಲಿ ಹರಿಯುವುದು ಸುಮಾರು ಆರನೇ ಒಂದು ಭಾಗ ನೀರು ಮಾತ್ರ.

ವೋಲ್ಟೇಜ್ ಕಡಿಮೆ ಎಂದು ಗೀಸರಿಗೂ ಸ್ಟೆಬಿಲೈಸರ್ ಬೇಕೇ? ಬೇಡ. 230 ವೋಲ್ಟಿಗೆ 2,000 ವ್ಯಾಟ್ ಕೊಡುವ ಕಾಯಿಲ್ 180 ವೋಲ್ಟಿಗೆ ಸುಮಾರು 1,225 ವ್ಯಾಟ್ ಕೊಡುತ್ತದೆ. ನೀರು ನಿಧಾನ ಕಾಯುತ್ತದೆ, ಕಾಯಿಲಿಗೆ ಹಾನಿಯಿಲ್ಲ. ಫ್ರಿಜ್ಜು ಮತ್ತು ಬಾವಿಯ ಪಂಪಿನಲ್ಲಿ ಇರುವುದು ಮೋಟಾರು. ಕಡಿಮೆ ವೋಲ್ಟೇಜಿನಲ್ಲಿ ಅದು ಹೆಚ್ಚು ಕರೆಂಟ್ ಎಳೆದು ಬಿಸಿಯಾಗಿ ಸುಡುತ್ತದೆ. ಸ್ಟೆಬಿಲೈಸರ್ ದುಡ್ಡು ಫ್ರಿಜ್ಜಿಗೆ ಇರಲಿ, ಪಂಪಿಗೆ ಕಡಿಮೆ ವೋಲ್ಟೇಜಿನಲ್ಲಿ ತಾನೇ ಆಫ್ ಆಗುವ ಸ್ಟಾರ್ಟರ್ ಇರಲಿ. ಸಿಡಿಲಿಗೆ ಮಾತ್ರ ಸ್ಟೆಬಿಲೈಸರ್ ಅಡ್ಡ ನಿಲ್ಲದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮುನ್ನವೇ ಪ್ಲಗ್ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಅಂತರವನ್ನು ಸಿಡಿಲಿನ ವೋಲ್ಟೇಜ್ ಸಲೀಸಾಗಿ ಹಾರುತ್ತದೆ.